ಅಕ್ಷರಮುಖದಿಂದ ದೂರಯಂತ್ರದ ಆಳ್ವಿಕೆ

ಪೀಠಿಕೆ

ಜಾಲದಲ್ಲಿ ದುಡಿಯುವ ಯಂತ್ರಗಳಲ್ಲಿ ಬಹುಪಾಲಿನವುಗಳಿಗೆ ಮುಖವಿಲ್ಲ. ಕಾಲೇಜೊಂದರ ಮೂಲೆಯ ಕೊಠಡಿಯಲ್ಲಿ ಕಬ್ಬಿಣದ ಚೌಕಟ್ಟಿಗೆ ಬಿಗಿದಿರುವ ರೌಟರನ್ನು ನೋಡಿದವರಿಗೆ ಕಾಣುವುದು ಮಿನುಗುವ ಕೆಲವು ದೀಪಗಳು ಮತ್ತು ಸಾಲಾಗಿ ಸೇರಿಸಿರುವ ತಂತಿಗಳು, ಇಷ್ಟೆ. ಅದಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಆದರೂ ಆ ಕಾಲೇಜಿನ ಕಂಪ್ಯೂಟರುಗಳಿಂದ ಹೊರಡುವ ಸಂದೇಶಗಳು ಯಾವ ದಾರಿಯನ್ನು ಹಿಡಿಯಬೇಕೆಂಬುದನ್ನು ನಿರ್ಣಯಿಸುವುದು ಅದೇ. ಅದಕ್ಕೆ ಅಪ್ಪಣೆ ಕೊಡತಕ್ಕವನು ಸಾಮಾನ್ಯವಾಗಿ ಅದರ ಬಳಿಯಲ್ಲಿರುವುದಿಲ್ಲ. ಬೇರೊಂದು ಕಟ್ಟಡದಲ್ಲಿಯೋ ಬೇರೊಂದು ಊರಿನಲ್ಲಿಯೋ ಕುಳಿತಿರುತ್ತಾನೆ. ಅವನು ಒಂದು ಸಾಲನ್ನು ಬರೆಯುತ್ತಾನೆ; ಯಂತ್ರವು ಕೆಲವು ಸಾಲುಗಳಲ್ಲಿ ಉತ್ತರ ಕೊಡುತ್ತದೆ. ಚಿತ್ರಗಳೂ ಬಣ್ಣಗಳೂ ಇಷ್ಟು ಸುಲಭವಾಗಿರುವ ಕಾಲದಲ್ಲಿ ಇಂಥ ಮುಖ್ಯವಾದ ಕೆಲಸವು ಬರಿಯ ಅಕ್ಷರಗಳ ಮೂಲಕ ನಡೆಯುತ್ತಿರುವುದು ನಮ್ಮ ವಿದ್ಯಾರ್ಥಿಗಳಿಗೆ ವಿಚಿತ್ರವಾಗಿ ತೋರುವುದುಂಟು.

ಈ ಏರ್ಪಾಡು ಹೇಗೆ ಹುಟ್ಟಿತು, ಹೇಗೆ ನಡೆಯುತ್ತದೆ, ಅದರಲ್ಲಿ ಅಡಗಿರುವ ಅಪಾಯವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಯಂತ್ರದ ಬಳಿಯಲ್ಲಿ ನಿಂತು ಕೆಲಸ ಮಾಡುವವನಿಗೆ ಸಹಜವಾಗಿಯೇ ಮೂರು ಭರವಸೆಗಳು ಇರುತ್ತವೆ. ತಾನು ಕೊಟ್ಟ ಅಪ್ಪಣೆ ಬೇರೊಬ್ಬರ ಕಿವಿಗೆ ಬೀಳುತ್ತಿಲ್ಲವೆಂಬುದು ಒಂದು. ತಾನು ಮಾತನಾಡುತ್ತಿರುವುದು ತನ್ನ ಯಂತ್ರದೊಡನೆಯೇ ಎಂಬುದು ಎರಡನೆಯದು. ತಪ್ಪಾದರೆ ಕೈಚಾಚಿ ತಿದ್ದಬಹುದೆಂಬುದು ಮೂರನೆಯದು. ದೂರ ಹೋದೊಡನೆ ಈ ಮೂರೂ ಕೈತಪ್ಪುತ್ತವೆ. ಮೊದಲಿನ ಎರಡನ್ನು ಗಣಿತದ ಸಹಾಯದಿಂದ ಮರಳಿ ಪಡೆಯಬಹುದಾಗಿದೆ. ಮೂರನೆಯದನ್ನು ಮನುಷ್ಯನ ಮುಂದಾಲೋಚನೆಯಿಂದಲ್ಲದೆ ಪಡೆಯಲಾಗದು. ಇದನ್ನು ತೋರಿಸುವುದಕ್ಕೆ ನಾವು ಸ್ವಲ್ಪ ಹಿಂದಿನಿಂದ ಪ್ರಾರಂಭಿಸುತ್ತೇವೆ.

ತಂತಿಯಂತ್ರದ ಪರಂಪರೆ

೧೯೪೦ನೆಯ ಇಸವಿ ಸೆಪ್ಟೆಂಬರ್ ೧೧ನೆಯ ತಾರೀಖು ಅಮೆರಿಕದ ಹ್ಯಾನೋವರ್ ಎಂಬ ಊರಿನ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತಜ್ಞರ ಸಭೆಯೊಂದು ಸೇರಿತ್ತು. ಬೆಲ್ ಪ್ರಯೋಗಾಲಯದ ಜಾರ್ಜ್ ಸ್ಟಿಬಿಟ್ಸ್ ತಾನು ರಚಿಸಿದ ಗಣನಯಂತ್ರವನ್ನು ಆ ಸಭೆಗೆ ಪರಿಚಯ ಮಾಡಿಕೊಡಬೇಕಾಗಿತ್ತು. ಆದರೆ ಯಂತ್ರವಿದ್ದುದು ದೂರದ ನ್ಯೂಯಾರ್ಕಿನಲ್ಲಿ. ಅದನ್ನು ಸಾಗಿಸುವುದು ಸುಲಭವಾಗಿರಲಿಲ್ಲ. ಆದುದರಿಂದ ಆತ ಸಭೆಯಲ್ಲಿ ಒಂದು ಟೆಲಿಟೈಪ್ ಯಂತ್ರವನ್ನು ಇರಿಸಿ, ಅದನ್ನು ತಂತಿಯ ಮೂಲಕ ನ್ಯೂಯಾರ್ಕಿಗೆ ಸೇರಿಸಿದ. ಹ್ಯಾನೋವರಿನಲ್ಲಿ ಒತ್ತಿದ ಲೆಕ್ಕ ನ್ಯೂಯಾರ್ಕನ್ನು ಮುಟ್ಟಿ, ಉತ್ತರವು ಮರಳಿ ಬಂದು ಕಾಗದದ ಮೇಲೆ ಅಚ್ಚಾಯಿತು. ನೋಡಿದವರಲ್ಲಿ ನಾರ್ಬರ್ಟ್ ವೀನರ್, ಜಾನ್ ಮಾಕ್ಲಿ ಮೊದಲಾದವರಿದ್ದರು. ಗಣನಯಂತ್ರವನ್ನು ದೂರದಿಂದ ನಡೆಸಿದ ಮೊದಲ ಪ್ರಸಂಗವೆಂದು ಇದನ್ನು ಎಣಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ದೂರಯಂತ್ರದೊಡನೆ ಮಾತನಾಡುವುದಕ್ಕಾಗಿ ಹೊಸದೊಂದು ಉಪಕರಣವನ್ನು ಯಾರೂ ಕಲ್ಪಿಸಬೇಕಾಗಿರಲಿಲ್ಲ. ತಂತಿ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಟೆಲಿಪ್ರಿಂಟರೇ ಸಾಕಾಯಿತು. ನಮ್ಮ ದೇಶದಲ್ಲಿ ೨೦೧೩ರ ಜುಲೈ ತಿಂಗಳಲ್ಲಿ ತಂತಿ ಸೇವೆಯೇ ನಿಂತುಹೋಗಿ ಆ ಯಂತ್ರಗಳು ಕಣ್ಮರೆಯಾಗಿವೆ. ಆದರೆ ಅವುಗಳ ಸ್ವಭಾವ ಮಾತ್ರ ಕಂಪ್ಯೂಟರುಗಳಲ್ಲಿ ಉಳಿದುಕೊಂಡಿದೆ. ಒಂದು ಅಕ್ಷರಕ್ಕೆ ಒಂದು ಸಂಖ್ಯೆ, ಸಾಲಿನ ಕೊನೆಗೆ ಒಂದು ಸಂಕೇತ, ಒಂದಾದಮೇಲೊಂದರಂತೆ ಹರಿಯುವ ಸಾಲುಗಳು, ಇದೇ ಆ ಸ್ವಭಾವ. ೧೯೬೩ರಲ್ಲಿ ಅಮೆರಿಕದಲ್ಲಿ ನಿಯಮಬದ್ಧವಾದ ಆಸ್ಕಿ ಎಂಬ ಪಟ್ಟಿಯಲ್ಲಿ ಏಳು ಬಿಟ್ಟುಗಳಿಂದ ೧೨೮ ಸಂಕೇತಗಳು ಏರ್ಪಟ್ಟವು. ಆ ಕಾಲದ ಪ್ರಸಿದ್ಧವಾದ ಟೆಲಿಟೈಪ್ ೩೩ ಎಂಬ ಯಂತ್ರ ಸೆಕೆಂಡಿಗೆ ಹತ್ತು ಅಕ್ಷರಗಳನ್ನು ಅಚ್ಚು ಮಾಡುತ್ತಿತ್ತು. ಇಂದಿಗೂ ಯೂನಿಕ್ಸ್ ವ್ಯವಸ್ಥೆಯಲ್ಲಿ ಟರ್ಮಿನಲ್ಲಿಗೆ ಟಿಟಿವೈ ಎಂಬ ಹೆಸರಿದೆ. ಟೆಲಿಟೈಪ್ ಎಂಬುದರ ಸಂಕ್ಷೇಪವೇ ಅದು.

ಎಲ್ಲರಿಗೂ ಸಮಾನವಾದ ಕಲ್ಪಿತ ಯಂತ್ರ

ಒಂದು ಟರ್ಮಿನಲ್ಲನ್ನು ಒಂದು ಕಂಪ್ಯೂಟರಿಗೆ ಸೇರಿಸುವುದು ಸುಲಭ. ಬಗೆಬಗೆಯ ಕಂಪ್ಯೂಟರುಗಳನ್ನು ಒಂದೇ ಜಾಲಕ್ಕೆ ಸೇರಿಸಿದಾಗ ತೊಡಕು ಹುಟ್ಟುತ್ತದೆ. ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ೧೯೬೯ನೆಯ ಅಕ್ಟೋಬರ್ ೨೯ರಂದು ಲಾಸ್ ಏಂಜಲೀಸ್ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಯಂತ್ರಕ್ಕೆ ಮೊದಲ ಸಂದೇಶ ಹೋಯಿತು. ಕಳುಹಿಸಬೇಕೆಂದಿದ್ದುದು ‘ಲಾಗಿನ್’ ಎಂಬ ಪದ, ಎಂದರೆ ದೂರಯಂತ್ರವನ್ನು ಪ್ರವೇಶಿಸುವ ಅಪ್ಪಣೆ. ‘ಎಲ್’, ‘ಓ’ ಎಂಬ ಎರಡು ಅಕ್ಷರಗಳು ತಲಪುವಷ್ಟರಲ್ಲಿ ಅತ್ತಲಿನ ಯಂತ್ರ ಕುಸಿಯಿತು. ಸುಮಾರು ಒಂದು ಗಂಟೆಯ ಅನಂತರ ಪ್ರಯತ್ನ ಸಫಲವಾಯಿತು. ಇಂದು ಇಂಟರ್ನೆಟ್ ಎಂದು ಕರೆಯುವ ಮಹಾಜಾಲದ ಮೊದಲ ಮಾತು ದೂರಯಂತ್ರವನ್ನು ಆಳುವ ಪ್ರಯತ್ನವೇ ಆಗಿತ್ತೆಂಬುದು ನೆನಪಿನಲ್ಲಿಡತಕ್ಕ ಸಂಗತಿ.

ತೊಡಕು ಯಾವುದೆಂದರೆ, ಒಂದು ಟರ್ಮಿನಲ್ ಸಾಲಿನ ಕೊನೆಯನ್ನು ಒಂದು ಬಗೆಯಲ್ಲಿ ಸೂಚಿಸಿದರೆ ಇನ್ನೊಂದು ಬೇರೆ ಬಗೆಯಲ್ಲಿ ಸೂಚಿಸುತ್ತದೆ. ಒಂದು ಕಂಪ್ಯೂಟರು ಅಕ್ಷರ ಬಂದೊಡನೆ ಉತ್ತರ ಕೊಟ್ಟರೆ ಇನ್ನೊಂದು ಸಾಲು ಪೂರ್ಣವಾಗುವವರೆಗೆ ಕಾಯುತ್ತದೆ. ಐದು ಬಗೆಯ ಟರ್ಮಿನಲ್ಲುಗಳೂ ಆರು ಬಗೆಯ ಕಂಪ್ಯೂಟರುಗಳೂ ಇದ್ದರೆ, ಜೋಡಿಗೊಂದರಂತೆ ಮೂವತ್ತು ಏರ್ಪಾಡುಗಳು ಬೇಕು. ಟೆಲ್‌ನೆಟ್ ಎಂಬ ಒಡಂಬಡಿಕೆ ಇದಕ್ಕೆ ಪರಿಹಾರವನ್ನು ಕಂಡುಕೊಂಡಿತು. ಅದರ ಮೊದಲ ಪ್ರಸ್ತಾಪ ೧೯೬೯ರ ಸೆಪ್ಟೆಂಬರಿನಲ್ಲಿಯೇ ಬಂದಿತ್ತು. ಈಗಲೂ ಆಧಾರವಾಗಿರುವ ರೂಪವನ್ನು ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ೧೯೮೩ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಎಲ್ಲಿಯೂ ಇಲ್ಲದ, ಎಲ್ಲರೂ ಅನುಕರಿಸಬಲ್ಲ ಸರಳವಾದ ಒಂದು ಟರ್ಮಿನಲ್ಲನ್ನು ಈ ಒಡಂಬಡಿಕೆ ಕಲ್ಪಿಸಿಕೊಂಡಿತು. ಪ್ರತಿಯೊಂದು ಯಂತ್ರವೂ ತನ್ನ ಭಾಷೆಯನ್ನು ಈ ಕಲ್ಪಿತ ಯಂತ್ರದ ಭಾಷೆಗೆ ಪರಿವರ್ತಿಸಿಕೊಂಡರೆ ಸಾಕು. ಮೂವತ್ತು ಏರ್ಪಾಡುಗಳಿಗೆ ಬದಲಾಗಿ ಹನ್ನೊಂದು ಸಾಕಾಗುತ್ತವೆ.

ಇದಕ್ಕಿಂತ ಹೆಚ್ಚಿನ ಸೌಕರ್ಯ ಬೇಕಾದವರು ಪರಸ್ಪರ ಕೇಳಿ ಒಪ್ಪಿಕೊಳ್ಳಬಹುದು. ಹೇಗೆಂದರೆ, ೨೫೫ ಎಂಬ ಸಂಖ್ಯೆ ಬಂದರೆ ಮುಂದಿನದು ಅಕ್ಷರವಲ್ಲ, ಸೂಚನೆ ಎಂದರ್ಥ. ಅದರ ಮುಂದೆ ೨೫೧ ಬಂದರೆ ‘ನಾನು ಮಾಡುತ್ತೇನೆ’, ೨೫೨ ‘ಮಾಡುವುದಿಲ್ಲ’, ೨೫೩ ‘ನೀನು ಮಾಡು’, ೨೫೪ ‘ಮಾಡಬೇಡ’. ಮೂರನೆಯ ಸಂಖ್ಯೆ ಯಾವ ಕೆಲಸವೆಂಬುದನ್ನು ತಿಳಿಸುತ್ತದೆ. ೧ ಎಂಬುದು ಪ್ರತಿಧ್ವನಿಯ ಸಂಖ್ಯೆ. ಎಂದರೆ ಒತ್ತಿದ ಅಕ್ಷರವನ್ನು ದೂರಯಂತ್ರವೇ ಮರಳಿ ಕಳುಹಿಸುವುದು. ಇತ್ತಲಿಂದ ೨೫೫, ೨೫೩, ೧ ಹೋಗಿ ಅತ್ತಲಿಂದ ೨೫೫, ೨೫೧, ೧ ಬಂದರೆ ಒಪ್ಪಂದವಾಯಿತು. ಹೊಸ ಸೌಕರ್ಯವನ್ನು ನಿರಾಕರಿಸುವ ಹಕ್ಕು ಇಬ್ಬರಿಗೂ ಉಂಟು. ನಿರಾಕರಿಸಿದರೂ ಮೂಲದ ಸರಳ ಭಾಷೆ ಉಳಿದಿರುವುದರಿಂದ ಮಾತು ಮುರಿಯುವುದಿಲ್ಲ.

ರೌಟರಿನೊಡನೆ ಸಂಭಾಷಣೆ

ಹೊಸ ರೌಟರನ್ನು ಪೆಟ್ಟಿಗೆಯಿಂದ ತೆಗೆದಾಗ ಅದಕ್ಕೆ ಜಾಲದಲ್ಲಿ ವಿಳಾಸವಿರುವುದಿಲ್ಲ. ಆದುದರಿಂದ ಮೊದಲ ಮಾತನ್ನು ಹತ್ತಿರದಿಂದಲೇ ಆಡಬೇಕು. ಇದಕ್ಕಾಗಿ ಕನ್ಸೋಲ್ ಎಂಬ ಪ್ರತ್ಯೇಕ ದ್ವಾರವಿರುತ್ತದೆ; ಅನೇಕ ರೌಟರುಗಳಲ್ಲಿ ಅದರ ವೇಗ ಸೆಕೆಂಡಿಗೆ ೯೬೦೦ ಬಿಟ್ಟುಗಳು ಮಾತ್ರ. ಆ ದ್ವಾರದಿಂದ ವಿಳಾಸವನ್ನೂ ಗುಪ್ತಪದವನ್ನೂ, ಎಂದರೆ ಪಾಸ್‌ವರ್ಡನ್ನು, ಕೊಟ್ಟಮೇಲೆ ಉಳಿದ ಕೆಲಸವನ್ನೆಲ್ಲ ಜಾಲದ ಮೂಲಕ ಎಲ್ಲಿಂದಲಾದರೂ ನಡೆಸಬಹುದು. ಪ್ರವೇಶಿಸಿದವನಿಗೆ ಮೊದಲು ದೊರೆಯುವುದು ನೋಡುವ ಅಧಿಕಾರ. ಮತ್ತೊಂದು ಗುಪ್ತಪದವನ್ನು ಕೊಟ್ಟರೆ ಬದಲಾಯಿಸುವ ಅಧಿಕಾರ ದೊರೆಯುತ್ತದೆ. ಬಹಳ ಬಳಕೆಯಲ್ಲಿರುವ ಒಂದು ಜಾತಿಯ ರೌಟರುಗಳಲ್ಲಿ ಸಾಲಿನ ಮೊದಲಲ್ಲಿ ಕಾಣುವ ಬಾಣದ ಮೊನೆಯಂಥ ಗುರುತು ಅಡ್ಡಗೆರೆಗಳ ಚೌಕಗುರುತಾಗಿ ಮಾರ್ಪಡುವುದೇ ಇದರ ಲಕ್ಷಣ.

ಅಕ್ಷರಗಳಲ್ಲಿ ಕೊಡುವ ಅಪ್ಪಣೆಗೆ ಕೆಲವು ಗುಣಗಳುಂಟು. ಅದು ಅತ್ಯಂತ ನಿಧಾನವಾದ ದಾರಿಯಲ್ಲಿಯೂ ಸಾಗುತ್ತದೆ. ಅದನ್ನು ಬರೆದಿಡಬಹುದು, ಮತ್ತೊಬ್ಬರಿಗೆ ತೋರಿಸಿ ತಪ್ಪಿದೆಯೇ ಎಂದು ಕೇಳಬಹುದು, ನೂರು ಯಂತ್ರಗಳಿಗೆ ಒಂದೇ ಬಗೆಯಲ್ಲಿ ಕೊಡಬಹುದು. ಭಾರತದಲ್ಲಿ ೧೯೮೬ರಲ್ಲಿ ಪ್ರಾರಂಭವಾದ ಎರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿತ್ತು. ಆ ಕಾಲದಲ್ಲಿ ಜಾಲವೆಂದರೆ ಅಕ್ಷರಗಳ ಜಾಲವೇ ಆಗಿತ್ತು. ಅನಂತರ ಚಿತ್ರಮಯವಾದ ಸಾಧನಗಳು ಬಂದರೂ ರೌಟರುಗಳನ್ನು ಆಳುವವರು ಅಕ್ಷರಗಳನ್ನು ಬಿಡದಿರುವುದು ಹಳೆಯದರ ಮೋಹದಿಂದಲ್ಲ, ಈ ಗುಣಗಳಿಂದ.

ಕದ್ದು ಕೇಳುವ ಕಿವಿ

ಈಗ ಮೊದಲನೆಯ ಭರವಸೆಯ ವಿಚಾರ. ಟೆಲ್‌ನೆಟ್ಟಿನಲ್ಲಿ ಗುಪ್ತಪದವನ್ನು ಒತ್ತುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಆದುದರಿಂದ ಅದು ಗುಪ್ತವಾಗಿಯೇ ಹೋಯಿತೆಂದು ಅನೇಕರು ಭಾವಿಸುತ್ತಾರೆ. ನಿಜವಾಗಿ ನಡೆದುದಿಷ್ಟೆ: ಪ್ರತಿಧ್ವನಿಯನ್ನು ವಹಿಸಿಕೊಂಡ ದೂರಯಂತ್ರ ಆ ಕೆಲವು ಅಕ್ಷರಗಳನ್ನು ಮರಳಿ ಕಳುಹಿಸಲಿಲ್ಲ. ಹೋಗುವ ದಾರಿಯಲ್ಲಿ ಅವು ಬಿಚ್ಚಿದ ಅಂಚೆಯ ಕಾರ್ಡಿನಂತೆಯೇ ಹೋದವು. ನಮ್ಮ ಪ್ರಯೋಗಶಾಲೆಯಲ್ಲಿ ಪ್ರತಿವರ್ಷವೂ ಇದನ್ನು ಮಾಡಿ ತೋರಿಸುತ್ತೇವೆ. ಅಭ್ಯಾಸಕ್ಕಾಗಿಯೇ ಇಟ್ಟಿರುವ ರೌಟರಿಗೆ ಒಬ್ಬ ವಿದ್ಯಾರ್ಥಿ ಟೆಲ್‌ನೆಟ್ಟಿನಿಂದ ಪ್ರವೇಶಿಸುತ್ತಾನೆ. ನಡುವೆ ಹಾಯುವ ಸಂಕೇತಗಳನ್ನು ಇನ್ನೊಂದು ಕಂಪ್ಯೂಟರು ದಾಖಲೆ ಮಾಡಿಕೊಳ್ಳುತ್ತದೆ. ಅವನು ತನ್ನಷ್ಟಕ್ಕೆ ಆರಿಸಿಕೊಂಡಿದ್ದ ಗುಪ್ತಪದವನ್ನು ಸಹಪಾಠಿಗಳು ಒಂದೊಂದಕ್ಷರವಾಗಿ ಗಟ್ಟಿಯಾಗಿ ಓದುವಾಗ ತರಗತಿಯಲ್ಲಿ ಮೊದಲು ನಗುವೂ ಅನಂತರ ಮೌನವೂ ಉಂಟಾಗುತ್ತದೆ. ಆ ಮೌನವೇ ಪಾಠ.

ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ೧೯೯೫ರಲ್ಲಿ ಇಂಥದೇ ಕೃತ್ಯ ವಿನೋದಕ್ಕಾಗಿಯಲ್ಲದೆ ನಡೆಯಿತು. ಅಲ್ಲಿಯ ಜಾಲದಲ್ಲಿ ಗುಪ್ತಪದಗಳನ್ನು ಕದ್ದು ಕೂಡಿಹಾಕುವ ಪ್ರೋಗ್ರಾಂ ಪತ್ತೆಯಾಯಿತು. ಅಲ್ಲಿದ್ದ ತಾತು ಉಲೊನೆನ್ ಎಂಬಾತ ಟೆಲ್‌ನೆಟ್ಟಿಗೆ ಬದಲಾಗಿ ಎಸ್‌ಎಸ್‌ಎಚ್ ಎಂಬ ಸುರಕ್ಷಿತವಾದ ಒಡಂಬಡಿಕೆಯನ್ನು ರಚಿಸಿ ಅದೇ ವರ್ಷದ ಜುಲೈಯಲ್ಲಿ ಎಲ್ಲರಿಗೂ ಕೊಟ್ಟ. ಜಾಲದಲ್ಲಿ ಒಂದೊಂದು ಸೇವೆಗೂ ಒಂದು ದ್ವಾರಸಂಖ್ಯೆ ಇರುತ್ತದೆ. ಟೆಲ್‌ನೆಟ್ಟಿನದು ೨೩, ಕಡತಗಳನ್ನು ಸಾಗಿಸುವ ಎಫ್‌ಟಿಪಿಯದು ೨೧. ಈ ಎರಡರ ನಡುವೆ ತೆರವಾಗಿದ್ದ ೨೨ನ್ನು ಆತ ಕೇಳಿದ, ಅದು ದೊರೆಯಿತು. ಮಂಜೂರು ಮಾಡಿದಾಕೆ, ಹನ್ನೆರಡು ವರ್ಷಗಳ ಹಿಂದೆ ಟೆಲ್‌ನೆಟ್ಟಿನ ನಿಯಮಗಳನ್ನು ಬರೆದವರಲ್ಲೊಬ್ಬರಾದ ಜಾಯ್ಸ್ ರೆನಾಲ್ಡ್ಸ್. ಎಸ್‌ಎಸ್‌ಎಚ್‌ನ ಎರಡನೆಯ ಆವೃತ್ತಿ ೨೦೦೬ರ ಜನವರಿಯಲ್ಲಿ ನಿಯಮಬದ್ಧವಾಯಿತು.

ಎಂದೂ ಭೇಟಿಯಾಗದ ಇಬ್ಬರು, ಎಲ್ಲರೂ ಕೇಳುತ್ತಿರುವ ದಾರಿಯಲ್ಲಿ ಒಂದು ರಹಸ್ಯವನ್ನು ಹೇಗೆ ಗೊತ್ತು ಮಾಡಿಕೊಳ್ಳಬಲ್ಲರು? ಇದರ ಉಪಾಯವನ್ನು ವಿಟ್‌ಫೀಲ್ಡ್ ಡಿಫೀ ಮತ್ತು ಮಾರ್ಟಿನ್ ಹೆಲ್‌ಮನ್ ೧೯೭೬ರಲ್ಲಿ ಪ್ರಕಟಿಸಿದರು. ಸಣ್ಣ ಸಂಖ್ಯೆಗಳಿಂದ ಅದನ್ನು ಪರೀಕ್ಷಿಸೋಣ. ೨೩ ಮತ್ತು ೫ ಎಂಬ ಎರಡು ಸಂಖ್ಯೆಗಳು ಎಲ್ಲರಿಗೂ ತಿಳಿದಿರಲಿ. ಇತ್ತಲಿನವನು ೭ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ೫ರ ಏಳನೆಯ ಘಾತವಾದ ೭೮೧೨೫ನ್ನು ೨೩ರಿಂದ ಭಾಗಿಸಿ ಶೇಷವಾದ ೧೭ನ್ನು ಕಳುಹಿಸುತ್ತಾನೆ. ಅತ್ತಲಿನವನು ೩ನ್ನು ಇಟ್ಟುಕೊಂಡು, ೫ರ ಘನವಾದ ೧೨೫ನ್ನು ೨೩ರಿಂದ ಭಾಗಿಸಿ ಶೇಷವಾದ ೧೦ನ್ನು ಕಳುಹಿಸುತ್ತಾನೆ. ಈಗ ಇತ್ತಲಿನವನು ೧೦ರ ಏಳನೆಯ ಘಾತವನ್ನು ೨೩ರಿಂದ ಭಾಗಿಸಿದರೆ ಶೇಷ ೧೪. ಅತ್ತಲಿನವನು ೧೭ರ ಘನವಾದ ೪೯೧೩ನ್ನು ೨೩ರಿಂದ ಭಾಗಿಸಿದರೆ ಶೇಷ ಅದೇ ೧೪. ಈ ೧೪ ದಾರಿಯಲ್ಲಿ ಎಲ್ಲಿಯೂ ಹೋಗಲೇ ಇಲ್ಲ. ಕದ್ದು ಕೇಳಿದವನಿಗೆ ಸಿಕ್ಕಿದ್ದು ೨೩, ೫, ೧೭, ೧೦ ಮಾತ್ರ. ೨೩ ಸಣ್ಣದಾದುದರಿಂದ ಅವನು ಒಂದೊಂದಾಗಿ ಪರೀಕ್ಷಿಸಿ ಘಾತವನ್ನು ಕಂಡುಹಿಡಿಯಬಹುದು. ಆರುನೂರಕ್ಕೂ ಹೆಚ್ಚು ಅಂಕಿಗಳುಳ್ಳ ಅವಿಭಾಜ್ಯ ಸಂಖ್ಯೆಯನ್ನು ಅದರ ಸ್ಥಾನದಲ್ಲಿಟ್ಟರೆ ಈ ಪರೀಕ್ಷೆ ಇಂದಿನ ಕಂಪ್ಯೂಟರುಗಳಿಗೆ ಅಸಾಧ್ಯವಾಗುತ್ತದೆ. ಎಸ್‌ಎಸ್‌ಎಚ್‌ನ ಎರಡನೆಯ ಆವೃತ್ತಿ ಈ ಬಗೆಯ ವಿನಿಮಯದಿಂದ ಕೀಲಿಕೈಯನ್ನು ಪಡೆದು, ಮುಂದಿನ ಮಾತನ್ನೆಲ್ಲ ಗೂಢಲಿಪಿಯಲ್ಲಿ ನಡೆಸುತ್ತದೆ. ದಾರಿಯಲ್ಲಿ ಯಾರಾದರೂ ಒಂದಕ್ಷರವನ್ನು ತಿದ್ದಿದರೂ ಅದು ತಿಳಿದುಬರುವಂತೆ ಪ್ರತಿಯೊಂದು ಕಂತಿಗೂ ಒಂದು ಮುದ್ರೆಯನ್ನು ಸೇರಿಸುತ್ತದೆ.

ಗುರುತಿನ ಪ್ರಶ್ನೆ

ಇಷ್ಟರಿಂದ ಎರಡನೆಯ ಭರವಸೆ ದೊರೆಯಲಿಲ್ಲ. ಕಳ್ಳನೊಬ್ಬ ನಡುವೆ ನಿಂತು ಇತ್ತಲಿನವನಿಗೆ ತಾನೇ ರೌಟರೆಂದೂ ರೌಟರಿಗೆ ತಾನೇ ಅಧಿಕಾರಿಯೆಂದೂ ನಟಿಸಿ, ಇಬ್ಬರೊಡನೆಯೂ ಬೇರೆಬೇರೆ ರಹಸ್ಯವನ್ನು ಮಾಡಿಕೊಂಡರೆ ಗತಿಯೇನು? ಗೂಢಲಿಪಿ ಅಭೇದ್ಯವಾಗಿಯೇ ಇರುತ್ತದೆ. ಆದರೆ ಕೀಲಿಕೈ ಕಳ್ಳನ ಕೈಯಲ್ಲಿರುತ್ತದೆ. ಈ ಕಾರಣದಿಂದ ಪ್ರತಿಯೊಂದು ಯಂತ್ರಕ್ಕೂ ಒಂದು ಜೋಡಿ ಕೀಲಿಕೈಗಳಿರುತ್ತವೆ: ಒಂದು ಎಲ್ಲರಿಗೂ ತಿಳಿಸತಕ್ಕದ್ದು, ಇನ್ನೊಂದು ಯಂತ್ರದೊಳಗೇ ಇರತಕ್ಕದ್ದು. ರಹಸ್ಯವಾದ ಕೀಲಿಕೈಯಿಂದ ಯಂತ್ರವು ಹಾಕುವ ಸಹಿಯನ್ನು ಬಹಿರಂಗವಾದ ಕೀಲಿಕೈಯಿಂದ ಯಾರಾದರೂ ಪರೀಕ್ಷಿಸಬಹುದು. ಅಧಿಕಾರಿಯೂ ಇದೇ ಬಗೆಯಿಂದ ತನ್ನ ಗುರುತನ್ನು ಸ್ಥಾಪಿಸಬಹುದು. ಆಗ ಗುಪ್ತಪದವನ್ನು ಕಳುಹಿಸುವ ಪ್ರಸಂಗವೇ ಇರುವುದಿಲ್ಲ.

ಯಂತ್ರವೊಂದನ್ನು ಮೊದಲ ಸಲ ಸಂಧಿಸಿದಾಗ ಅದರ ಬಹಿರಂಗ ಕೀಲಿಕೈ ನಮಗೆ ಗೊತ್ತಿರುವುದಿಲ್ಲ. ಆಗ ಎಸ್‌ಎಸ್‌ಎಚ್ ಅದರ ಬೆರಳಗುರುತನ್ನು ಅಕ್ಷರಗಳ ಒಂದು ಸಾಲಾಗಿ ತೋರಿಸಿ, ‘ಇದನ್ನು ನಂಬಬಹುದೇ?’ ಎಂದು ಕೇಳುತ್ತದೆ. ಗಣಿತ ನಿಲ್ಲುವುದು ಇಲ್ಲಿ. ಮನುಷ್ಯನ ಕರ್ತವ್ಯ ಮೊದಲಾಗುವುದೂ ಇಲ್ಲಿಯೇ. ಆ ಸಾಲನ್ನು ಕನ್ಸೋಲಿನಲ್ಲಿ ಬರೆದುಕೊಂಡುದರೊಡನೆ ಹೋಲಿಸಿ ನೋಡಬೇಕು. ನಾವು ಕಂಡಮಟ್ಟಿಗೆ, ಓದದೆಯೇ ‘ಆಗಲಿ’ ಎಂದು ಬರೆಯುವುದು ರೂಢಿಯಾಗಿದೆ. ಮುಂದೆ ಎಂದಾದರೂ ಕೀಲಿಕೈ ಬದಲಾಗಿದೆಯೆಂದು ಎಚ್ಚರಿಕೆ ಬಂದಾಗಲೂ, ಕಾರಣವನ್ನು ವಿಚಾರಿಸದೆ ಹಳೆಯ ದಾಖಲೆಯನ್ನು ಅಳಿಸಿಹಾಕುವವರಿದ್ದಾರೆ. ಬಾಗಿಲಿಗೆ ಭದ್ರವಾದ ಬೀಗವನ್ನು ಹಾಕಿಸಿ, ತಟ್ಟಿದವರಿಗೆಲ್ಲ ಒಳಗಿನಿಂದ ತೆರೆದುಕೊಟ್ಟಂತೆ ಇದು.

ಟೆಲ್‌ನೆಟ್ ಇನ್ನೂ ಪೂರ್ತಿಯಾಗಿ ಮರೆಯಾಗಿಲ್ಲ. ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ಮನೆಗಳ ರೌಟರುಗಳನ್ನೂ ಕಾವಲು ಕ್ಯಾಮರಾಗಳನ್ನೂ ಟೆಲ್‌ನೆಟ್ಟಿನ ದ್ವಾರದಿಂದಲೇ ಹೊಕ್ಕಿತು. ಅದರ ಬಳಿಯಿದ್ದುದು ಕಾರ್ಖಾನೆಯಿಂದ ಬಂದಾಗಲೇ ಯಂತ್ರಗಳಲ್ಲಿರುವ ಸುಮಾರು ಅರುವತ್ತು ಜೋಡಿ ಹೆಸರು ಮತ್ತು ಗುಪ್ತಪದಗಳ ಪಟ್ಟಿ. ಯಾರೂ ಬದಲಾಯಿಸದೆ ಬಿಟ್ಟಿದ್ದ ಆ ಪದಗಳಿಂದ ವಶವಾದ ಯಂತ್ರಗಳ ಸಮೂಹ ಅಕ್ಟೋಬರ್ ೨೧ರಂದು ಅಮೆರಿಕದ ಡಿನ್ ಎಂಬ ಸಂಸ್ಥೆಯ ಮೇಲೆ ಬಿದ್ದು, ಟ್ವಿಟರ್ ಮೊದಲಾದ ಪ್ರಸಿದ್ಧ ತಾಣಗಳು ಅನೇಕರಿಗೆ ಗಂಟೆಗಟ್ಟಲೆ ಎಟುಕದಂತೆ ಮಾಡಿತು.

ಕುಳಿತ ಕೊಂಬೆ

ಮೂರನೆಯ ಭರವಸೆಗೆ ಬರೋಣ. ರೌಟರನ್ನು ಜಾಲದ ಮೂಲಕ ಆಳುವವನು ಯಾವ ದಾರಿಯಿಂದ ಅಪ್ಪಣೆ ಕೊಡುತ್ತಿದ್ದಾನೋ ಆ ದಾರಿಯನ್ನು ನಡೆಸುತ್ತಿರುವುದೂ ಅದೇ ರೌಟರು. ತಾನು ಬಂದ ದ್ವಾರವನ್ನೇ ಮುಚ್ಚುವಂತೆ ಒಂದು ಸಾಲನ್ನು ಬರೆದರೆ, ಯಂತ್ರ ನಿಷ್ಠೆಯಿಂದ ಮುಚ್ಚುತ್ತದೆ. ಅನಂತರ ತೆರೆಯೆಂದು ಹೇಳುವುದಕ್ಕೆ ದಾರಿಯೇ ಇರುವುದಿಲ್ಲ. ಕುಳಿತ ಕೊಂಬೆಯನ್ನೇ ಕಡಿದವನ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿ ನಕ್ಕಿದ್ದೇವೆ; ಈ ವೃತ್ತಿಯಲ್ಲಿ ಅನುಭವವುಳ್ಳವರು ಆ ಕಥೆಗೆ ನಗುವುದಿಲ್ಲ.

೨೦೨೧ನೆಯ ಅಕ್ಟೋಬರ್ ೪ರಂದು ಫೇಸ್‌ಬುಕ್ ಸಂಸ್ಥೆಯ ಜಾಲದಲ್ಲಿ ನಡೆದುದು ಇದೇ. ಮುಖ್ಯ ಜಾಲದಲ್ಲಿ ಎಷ್ಟು ಸಾಮರ್ಥ್ಯವಿದೆಯೆಂದು ಪರೀಕ್ಷಿಸುವುದಕ್ಕಾಗಿ ಕೊಟ್ಟ ಒಂದು ಅಪ್ಪಣೆ ಆ ಜಾಲದ ಎಲ್ಲ ಸಂಪರ್ಕಗಳನ್ನೂ ಕಡಿದುಹಾಕಿತು. ಇಂಥ ಅಪ್ಪಣೆಗಳನ್ನು ತಡೆಯಬೇಕಾಗಿದ್ದ ತಪಾಸಣೆಯ ಪ್ರೋಗ್ರಾಂ ತನ್ನಲ್ಲಿದ್ದ ದೋಷದಿಂದ ತಡೆಯಲಿಲ್ಲ. ದೂರದಿಂದ ಸರಿಪಡಿಸುವ ಮಾರ್ಗಗಳೂ ಅದೇ ಜಾಲವನ್ನು ಆಶ್ರಯಿಸಿದ್ದುದರಿಂದ ಅವೂ ಮುಚ್ಚಿಹೋದವು. ಕೊನೆಗೆ ಇಂಜಿನಿಯರುಗಳು ಯಂತ್ರಗಳಿದ್ದಲ್ಲಿಗೇ ಹೋಗಬೇಕಾಯಿತು. ಬಿಗಿಯಾದ ಕಾವಲಿದ್ದ ಆ ಕಟ್ಟಡಗಳನ್ನು ಹೊಗುವುದಕ್ಕೂ ಹೊತ್ತು ಹಿಡಿಯಿತು. ವಾಟ್ಸಾಪ್ ಸೇರಿದಂತೆ ಆ ಸಂಸ್ಥೆಯ ಸೇವೆಗಳು ಸುಮಾರು ಆರು ಗಂಟೆಗಳ ಕಾಲ ಲೋಕಕ್ಕೆಲ್ಲ ಇಲ್ಲವಾದವು. ಇಲ್ಲಿ ಯಾರೂ ಕದ್ದು ಕೇಳಿರಲಿಲ್ಲ, ಯಾರೂ ವೇಷ ಮರೆಸಿರಲಿಲ್ಲ. ಮೊದಲಿನ ಎರಡು ಭರವಸೆಗಳಿಗೆ ಕುಂದಿಲ್ಲದಿದ್ದರೂ ಮೂರನೆಯದಿಲ್ಲದೆ ಎಲ್ಲವೂ ನಿಂತಿತು.

ಇದಕ್ಕೆ ಅನುಭವಿಗಳು ಕಂಡುಕೊಂಡಿರುವ ಉಪಾಯಗಳು ಸರಳವಾದುವು. ಅನೇಕ ರೌಟರುಗಳಲ್ಲಿ, ಈಗ ನಡೆಯುತ್ತಿರುವ ಏರ್ಪಾಡು ವಿದ್ಯುತ್ ಇರುವವರೆಗೆ ಮಾತ್ರ ನಿಲ್ಲುವ ಸ್ಮೃತಿಯಲ್ಲಿಯೂ, ಉಳಿಸಿಟ್ಟ ಏರ್ಪಾಡು ಅಳಿಯದ ಸ್ಮೃತಿಯಲ್ಲಿಯೂ ಇರುತ್ತವೆ. ಆದುದರಿಂದ ಅಪಾಯಕರವಾದ ಬದಲಾವಣೆಯನ್ನು ಮಾಡುವ ಮೊದಲು, ‘ಹತ್ತು ನಿಮಿಷಗಳ ಅನಂತರ ನಿನ್ನಷ್ಟಕ್ಕೆ ನೀನೇ ಪುನಃ ಪ್ರಾರಂಭವಾಗು’ ಎಂದು ಯಂತ್ರಕ್ಕೆ ಹೇಳಿಡುವುದು ಒಂದು ಉಪಾಯ. ಬದಲಾವಣೆ ಸರಿಯಾಗಿದ್ದರೆ ಆ ಅಪ್ಪಣೆಯನ್ನು ರದ್ದು ಮಾಡಿ, ಹೊಸ ಏರ್ಪಾಡನ್ನು ಉಳಿಸಬಹುದು. ತಪ್ಪಿ ದಾರಿ ಮುಚ್ಚಿಹೋದರೆ, ರದ್ದು ಮಾಡುವವರಿಲ್ಲದೆ ಯಂತ್ರವು ಹಳೆಯ ಏರ್ಪಾಡಿಗೆ ತಾನಾಗಿ ಮರಳುತ್ತದೆ. ಕೆಲವು ರೌಟರುಗಳು ಇದನ್ನೇ ಇನ್ನಷ್ಟು ನಯವಾಗಿ ಮಾಡುತ್ತವೆ: ಬದಲಾವಣೆಯನ್ನು ಗೊತ್ತಾದ ಅವಧಿಯೊಳಗೆ ಎರಡನೆಯ ಸಲ ದೃಢಪಡಿಸದಿದ್ದರೆ ಅದನ್ನು ತಾವೇ ಹಿಂದೆಗೆದುಕೊಳ್ಳುತ್ತವೆ. ಎರಡನೆಯ ಉಪಾಯ, ಮುಖ್ಯ ಜಾಲವನ್ನು ಅವಲಂಬಿಸದ ಬೇರೊಂದು ದಾರಿಯನ್ನು ಕನ್ಸೋಲಿಗೆ ಇಟ್ಟಿರುವುದು. ಮೂರನೆಯದು, ಕೊಠಡಿಯ ಕೀಲಿಕೈ ಯಾರ ಬಳಿಯಲ್ಲಿದೆಯೆಂಬುದನ್ನು ಕೆಲಸಕ್ಕೆ ಮೊದಲೇ ವಿಚಾರಿಸಿಕೊಳ್ಳುವುದು.

ಉಪಸಂಹಾರ

ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವ ಮಿತ್ರರಲ್ಲಿ ನಮ್ಮದೊಂದು ವಿನಂತಿಯುಂಟು. ಅಪ್ಪಣೆಗಳ ಪಟ್ಟಿಯನ್ನು ಕಂಠಪಾಠ ಮಾಡಿಸುವುದರೊಡನೆ ಮೂರು ಅಭ್ಯಾಸಗಳನ್ನು ಮಾಡಿಸಿರಿ. ಅಭ್ಯಾಸದ ಜಾಲದಲ್ಲಿ ತನ್ನ ಗುಪ್ತಪದವನ್ನೇ ತಾನು ದಾರಿಯಿಂದ ಹೆಕ್ಕಿ ಓದಲಿ. ಮೊದಲ ಭೇಟಿಯಲ್ಲಿ ಬೆರಳಗುರುತನ್ನು ಕನ್ಸೋಲಿನದರೊಡನೆ ಹೋಲಿಸಿ ನೋಡಲಿ. ಉದ್ದೇಶಪೂರ್ವಕವಾಗಿ ತನ್ನ ದಾರಿಯನ್ನು ಮುಚ್ಚಿಕೊಂಡು, ಹತ್ತು ನಿಮಿಷ ಕಾದು, ಯಂತ್ರ ಮರಳಿ ಬರುವುದನ್ನು ಕಾಣಲಿ. ಆ ಹತ್ತು ನಿಮಿಷಗಳಲ್ಲಿ ಕಲಿತುದು ಮುಂದೆ ನೂರಾರು ಜನರ ಕೆಲಸ ಅವನ ಒಂದು ಸಾಲನ್ನು ನಂಬಿಕೊಂಡಿರುವ ದಿನ ಉಪಯೋಗಕ್ಕೆ ಬರುತ್ತದೆ. ದೂರದ ಯಂತ್ರ ನಮ್ಮ ಮಾತನ್ನು ಅಕ್ಷರಶಃ ನಡೆಸುತ್ತದೆ. ಆದುದರಿಂದ ಮಾತನ್ನು ತೂಗಿ ಆಡುವ ಹೊಣೆ ನಮ್ಮದೇ ಆಗಿ ಉಳಿಯುತ್ತದೆ.